ಹುಣಸೆಮರದ ಮನೆಯ ಏಳು ಕಲ್ಲು

ಹುಣಸೆಮರದ ಮನೆಯ ಭೌಜಿ ಗಲ್ಲಿಗೆ ಇಳಿದರೆ ತಲೆಯೆತ್ತಿ ನೋಡಬೇಕಾಗಿರಲಿಲ್ಲ. ಬೇರೆ ಹೆಂಗಸರ ಕಾಲಕಡಗ ಝಣ್ ಝಣ್ ಅಂದರೆ ಆಕೆಯದು ಝಣ್ ಧಬ್, ಝಣ್ ಧಬ್. ಎಡಗಾಲಿನ ಕಡಗ ಬಲಗಾಲಿನದಕ್ಕಿಂತ ಭಾರ. ಮದುವೆಯಲ್ಲಿ ಅತ್ತೆ ಮಾಡಿಸಿ ತೊಡಿಸಿದ್ದು. ಮುದುಕಿ ಜಿಪುಣಿ, ಎರಡನೇ ಕಾಲಿಗೆ ಬರುವ ಹೊತ್ತಿಗೆ ಕೈ ಬಿಗಿಹಿಡಿದಳು ಎಂದು ಕನೌಜಿನ ಆ ಗಲ್ಲಿಯಲ್ಲೆಲ್ಲ ನಗು. ಸಾಲದ್ದಕ್ಕೆ ಭೌಜಿ ಆ ಬೆಳ್ಳಿಯನ್ನು ಉಜ್ಜುತ್ತಲೂ ಇರಲಿಲ್ಲ. ದೀಪಾವಳಿಗೆ ಊರಿನ ಹೆಂಗಸರು ಒಡವೆಗೆ ಬೂದಿ ಹಚ್ಚಿ ತಿಕ್ಕಿ ಫಳಫಳ ಮಾಡಿಕೊಂಡರೆ, ಆಕೆಯ ಡಾಬು, ಕಡಗ, ಕಾಲುಂಗುರವೆಲ್ಲ ಬಾಣಲೆಯ ತಳದಷ್ಟು ಕಪ್ಪು.

"ಏನ್ ಭೌಜಿ, ಬೆಳ್ಳಿ ಹಾಕ್ಕೊಂಡಿದೀರೋ ಕಬ್ಬಿಣಾನೋ?" ಎಂದು ಒಮ್ಮೆ ನಾನೇ ಕೆಣಕಿದ್ದೆ.

"ನಿಮ್ ಎಣ್ಣೆ ಶುದ್ಧವಾಗಿದ್ರೆ ಸಾಕು ಮೈಸೂರಿ ಬಾಬು. ನನ್ ಬೆಳ್ಳಿ ಚಿಂತೆ ನಿಮಗ್ಯಾಕೆ? ನಿಮ್ ಅಂಗಡೀಲೇನು ಅಡ ಇಡೋಕೆ ಬಂದಿದೀನಾ?"

ನಾನು ಮೈಸೂರಿನಿಂದ ಬಂದು ಅಲ್ಲಿ ಶ್ರೀಗಂಧದ ಎಣ್ಣೆ ಮಾರುವವನು. ಅತ್ತರಿನ ಊರಿನಲ್ಲಿ ಎಣ್ಣೆಯವನಿಗೆ ಎಲ್ಲ ಮನೆಗಳ ಒಳಮಾತೂ ಗೊತ್ತಿರುತ್ತದೆ. ಹೂವು ಯಾರದ್ದೇ ಇರಲಿ, ಅದರ ಆವಿ ಬಂದು ಇಳಿಯುವುದು ನಮ್ಮ ಎಣ್ಣೆಯೊಳಕ್ಕೇ. ಅತ್ತಿಗೆಗೆ ಅಲ್ಲಿ ಭೌಜಿ ಅನ್ನುತ್ತಾರೆ, ಮೈದುನನಿಗೆ ಲಾಲಾ. ಇಬ್ಬರು ಮೈದುನರು ಕರೆದು ಕರೆದು ಆಕೆ ಇಡೀ ಗಲ್ಲಿಗೇ ಭೌಜಿಯಾಗಿದ್ದಳು. ಸುರಜ್‌ಕಲಿ ಎಂಬ ಹೆಸರೊಂದಿದೆ ಅನ್ನುವುದು ಮತದಾರರ ಪಟ್ಟಿಯವನು ಬಂದಾಗಷ್ಟೇ ಎಲ್ಲರಿಗೂ ನೆನಪಾಗುತ್ತಿತ್ತು.

ಹುಣಸೆಮರದ ಮನೆಯ ಹೆಸರು ನಿಂತದ್ದು ಶಮಾಮಾ ಅತ್ತರಿನ ಮೇಲೆ. ಗುಲಾಬಿ, ಕೇದಗೆ, ಮಲ್ಲಿಗೆಯನ್ನು ಯಾರು ಬೇಕಾದರೂ ಇಳಿಸಿಯಾರು. ಹೂವು, ನೀರು, ಬೆಂಕಿ, ಒಂದಿಷ್ಟು ತಾಳ್ಮೆ ಇದ್ದರೆ ಆಯಿತು. ಶಮಾಮಾ ಹಾಗಲ್ಲ. ಕಲ್ಲುಹೂವು, ಲಾವಂಚ, ಜಟಾಮಾಂಸಿ, ತಗರ, ಕಚೋರ, ಜಾಪತ್ರೆ, ಜಾಯಿಕಾಯಿ, ಲವಂಗ, ಏಲಕ್ಕಿ, ಕೊನೆಗೆ ಕೇಸರಿ, ಇನ್ನೂ ನನಗೆ ಗೊತ್ತಿಲ್ಲದ್ದು ಎಷ್ಟೋ. ಎಲ್ಲ ಒಂದೇ ತಾಮ್ರದ ಹಂಡೆಗೆ ಬಿದ್ದು ಬೇಯಬೇಕು. ಚಳಿಗಾಲದಲ್ಲಿ ಹತ್ತಿಗೆ ಅದ್ದಿ ಕಿವಿಯ ಸಂದಿಗೆ ಸಿಕ್ಕಿಸಿಕೊಂಡರೆ ಶಾಲು ಹೊದ್ದಷ್ಟು ಬೆಚ್ಚಗಾಗಬೇಕು. ಕಲ್ಲುಹೂವು ಮಿತಿಮೀರಿದರೆ ಒದ್ದೆ ಗೋಡೆಯ ವಾಸನೆ. ಲವಂಗ ಹೆಚ್ಚಿದರೆ ಹಲ್ಲುನೋವಿನ ಔಷಧಿ. ತಗರ ಒಂದು ಚಿಟಿಕೆ ಜಾಸ್ತಿಯಾಯಿತೋ, ಬೆವೆತ ಕಾಲುಚೀಲ. ಹೀಗಾಗಿ ಶಮಾಮಾದಲ್ಲಿ ಬೆಂಕಿ ಕಾಯುವವನದ್ದು ಅರ್ಧ ಕೆಲಸ. ಉಳಿದರ್ಧ ತಕ್ಕಡಿಯದ್ದು.

ಆ ಮನೆಯಲ್ಲಿ ತಕ್ಕಡಿ ಹಿರಿಸೊಸೆಯದ್ದು. ಗಂಡಸರು ಭಟ್ಟಿ ನೋಡಿಕೊಳ್ಳುವುದು, ಹಿರಿಸೊಸೆ ಒಳಗೆ ಬಾಗಿಲು ಹಾಕಿಕೊಂಡು ಮಸಾಲೆ ತೂಗಿ ಗಂಟು ಕಟ್ಟಿ ಕೊಡುವುದು. ತೂಕಕ್ಕೆ ಸೇರು, ತೊಲ, ಗ್ರಾಂ ಯಾವುದೂ ಇಲ್ಲ. ಯಾವ ಕಾಲದಲ್ಲೋ ಗಂಗೆಯಿಂದ ಆರಿಸಿ ತಂದ ಏಳು ಕಲ್ಲುಗಳಿದ್ದವು. ಒಂದೊಂದಕ್ಕೂ ಹೆಸರು. ಆನೆ, ಸೇಠ್, ಚಿಕ್ಕಮ್ಮ, ಪಂಡಿತ, ಅಳಿಯ, ಬೆಕ್ಕು, ಎಲ್ಲಕ್ಕಿಂತ ಚಿಕ್ಕದು ಗುಬ್ಬಿ. ಲೆಕ್ಕವನ್ನು ಭೌಜಿ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದಳು: "ಆನೆ ಎರಡು ಕಲ್ಲುಹೂವು. ಅಳಿಯನ ಮೇಲೆ ಬೆಕ್ಕು ಕೂರ್ಸಿ ಜಾಪತ್ರೆ. ಪಂಡಿತನಿಗೆ ಗುಬ್ಬಿ ಕಡಿಮೆ ಮಾಡಿ ತಗರ." ಗಲ್ಲಿಯಲ್ಲಿ ಹೋಗುವವರಿಗೆ ಮಗುವಿಗೆ ಕಥೆ ಹೇಳುತ್ತಿದ್ದಾಳೆ ಅನ್ನಿಸಬೇಕು. ಕೇಳಿಸಿಕೊಂಡ ಕಳ್ಳನಿಗೂ ಪ್ರಯೋಜನವಿಲ್ಲ, ಕಲ್ಲು ಕೈಯಲ್ಲಿಲ್ಲದೆ ಆನೆ ಎಷ್ಟು ದೊಡ್ಡದೆಂದು ಅವನಿಗೇನು ಗೊತ್ತು? ಕಲ್ಲು ಕದ್ದವನಿಗೂ ಇಲ್ಲ, ಅವನಿಗೆ ಲೆಕ್ಕ ಗೊತ್ತಿಲ್ಲ. ಆ ಕಲ್ಲುಗಳನ್ನು ಬೇರೆ ತೂಕದ ಬಟ್ಟಿನೆದುರು ತೂಗಿ ನೋಡುವುದು ಆ ಮನೆಯಲ್ಲಿ ನಿಷಿದ್ಧ. ಗುಟ್ಟು ಕಾಯಲಿಕ್ಕೆ ಇದಕ್ಕಿಂತ ಅಗ್ಗದ ಉಪಾಯವನ್ನು ನನ್ನ ವ್ಯಾಪಾರದಲ್ಲಿ ನಾನು ಇನ್ನೂ ಕಂಡಿಲ್ಲ.

ಭೌಜಿಯ ಗಂಡ ಮೂವರು ಅಣ್ಣತಮ್ಮಂದಿರಲ್ಲಿ ದೊಡ್ಡವನು. ಮಕ್ಕಳಾಗಲಿಲ್ಲ. ಒಂದು ಮಳೆಗಾಲ ಜ್ವರ ಬಂದು ತೀರಿಕೊಂಡ. ನೆರೆಯ ಹೆಂಗಸರು ಬಂದು ಭೌಜಿಯ ಮೈಮೇಲಿನ ಬೆಳ್ಳಿಯನ್ನೆಲ್ಲ ಒಂದೊಂದಾಗಿ ಕಳಚಿದರು. ಆಕೆ ಅದನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಗಲ್ಲಿಯಲ್ಲಿ ಆ ಝಣ್ ಧಬ್ ನಿಂತಿತು. ತೂಗುವ ಕೆಲಸ ನಿಲ್ಲಲಿಲ್ಲ. ವಿಧವೆಯ ಮುಖ ಮುಂಜಾನೆ ಕಂಡರೆ ಅಪಶಕುನ ಎನ್ನುತ್ತಿದ್ದ ಇಬ್ಬರು ಮೈದುನರೂ ಆಕೆ ತೂಗಿದ ಶಮಾಮಾವನ್ನು ಮುಂಜಾನೆಯೇ ಮಾರುತ್ತಿದ್ದರು. ಅದರಲ್ಲಿ ಅವರಿಗೆ ಅಪಶಕುನವೇನೂ ಕಾಣಲಿಲ್ಲ.

ವರ್ಷ ತುಂಬುವುದರೊಳಗೆ ಇಬ್ಬರಿಗೂ ಒಲೆ ಬೇರೆಯಾಗಬೇಕು ಅನ್ನಿಸಿತು. ನಡುವಿನವನು ಶಿವಾಧಾರ, ಕಿರಿಯವನು ರಾಮಸನೇಹಿ. ಐದು ಜನ ಹಿರಿಯರನ್ನು ಕೂರಿಸಿದರು. ಅವರ ಮುಂದಾಳು ಪುತ್ತೂಲಾಲ್, ಎದುರುಮನೆಯವನು, ಊರಿನ ಎಲ್ಲ ಪಾಲುಪಟ್ಟಿಗೂ ಕರೆಯದೆ ಬರುವವನು. ಎಣ್ಣೆಯ ಸಂಬಂಧಕ್ಕೆ ನನ್ನನ್ನೂ ಕರೆದಿದ್ದರು. ಕೂರಲಿಕ್ಕೆ ಮಾತ್ರ, ಬಾಯಿ ಬಿಡಲಿಕ್ಕಲ್ಲ.

ತಾಮ್ರದ ಹಂಡೆಗಳು ಎರಡು ಪಾಲಾದವು. ಚರ್ಮದ ಕುಪ್ಪಿಗಳು ಎರಡು ಪಾಲಾದವು. ಅಂಗಳದ ನಡುವೆ ಗೋಡೆಗೆ ಗೆರೆ ಎಳೆದರು. ಹುಣಸೆಮರದಲ್ಲೂ ಪೂರ್ವದ ಕೊಂಬೆ ಒಬ್ಬನಿಗೆ, ಪಶ್ಚಿಮದ ಕೊಂಬೆ ಇನ್ನೊಬ್ಬನಿಗೆ. ಮರದ ಗಿಳಿಗಳನ್ನು ಏಕೆ ಬಿಟ್ಟರೋ ಗೊತ್ತಾಗಲಿಲ್ಲ.

ಬಾಗಿಲ ಹಿಂದಿನಿಂದ ಭೌಜಿಯ ದನಿ ಬಂತು. "ಚಾಚಾ, ಈ ಮನೇಲಿ ಅಣ್ಣತಮ್ಮಂದಿರು ಮೂರು ಜನ. ನೀವು ಎರಡೇ ಭಾಗ ಮಾಡ್ತಿದೀರ. ನಿಮಗೆ ಎಣಿಸೋಕ್ ಬರಲ್ವೋ, ಇಲ್ಲ ಸತ್ತೋನು ಹುಟ್ಟೇ ಇರ್ಲಿಲ್ವೋ?"

ಪುತ್ತೂಲಾಲ್ ಕರಗಿ ನೀರಾದ. "ಅಯ್ಯೋ ಬಹೂ, ಎಂಥಾ ಮಾತು! ನೀನು ಈ ಹುಡುಗರಿಗೆ ತಾಯಿ ಸಮಾನ. ತಾಯಿ ಎಲ್ಲಾದ್ರೂ ಪಾಲು ಕೇಳ್ತಾಳಾ?"

"ತಾಯಿ ಆಗಿದ್ರೆ ಮನೆ ಕೀಲಿಕೈ ನನ್ ಸೆರಗಲ್ಲಿ ಇರ್ಬೇಕಿತ್ತು. ಕೀಲಿನೂ ಇಲ್ಲ, ಪಾಲೂ ಇಲ್ಲ. ಬರೀ ಸಮಾನ?"

ಐವರೂ ಚಹಾ ಹೀರಿದರು. ಬೆಲೆ ಕೊಡಲು ಮನಸ್ಸಿಲ್ಲದ ಗಿರಾಕಿ ಸರಕನ್ನು ಎಲ್ಲರಿಗಿಂತ ಹೆಚ್ಚು ಹೊಗಳುವುದನ್ನು ನಾನು ದಿನವೂ ನೋಡುತ್ತೇನೆ. ಅವತ್ತು ಅದೇ ಕಲೆಯನ್ನು ಒಬ್ಬ ಹೆಂಗಸಿನ ಮೇಲೆ ಪ್ರಯೋಗಿಸುವುದನ್ನು ನೋಡಿದೆ. ಗಂಡನ ಪಾಲು ಹೆಂಡತಿಗೆ ಬರಬೇಕೆಂದು ಕಾನೂನಿದೆ. ಕಾನೂನಿದೆ ಎಂದು ಐವರಿಗೂ ಗೊತ್ತಿತ್ತು. ಆಕೆ ಕಚೇರಿಯ ಮೆಟ್ಟಿಲು ಹತ್ತಲಾರಳು ಎಂಬುದೂ ಗೊತ್ತಿತ್ತು. ಕೊಟ್ಟದ್ದೇನು? ಬಾವಿಯ ಪಕ್ಕದ ಒಂದು ಕೋಣೆ. ಒಂದು ವಾರ ಆ ಒಲೆಯ ರೊಟ್ಟಿ, ಒಂದು ವಾರ ಈ ಒಲೆಯ ರೊಟ್ಟಿ. ತಾಯಿ ಸಮಾನಳಿಗೆ ಭಿಕ್ಷುಕಿಯ ಸಮಾನ ವ್ಯವಸ್ಥೆ.

ಅಷ್ಟೂ ಸಾಲದೆ ಶಿವಾಧಾರನ ಹೆಂಡತಿ ಒಳಗಿನಿಂದ, "ಮತ್ತೆ ಆ ಕೆಂಪು ಗಂಟು? ವಿಧವೆಗೆ ಬೆಳ್ಳಿ ಯಾಕೆ?" ಎಂದಳು.

"ಇರ್ಲಿ ಬಿಡಮ್ಮ," ಎಂದ ಪುತ್ತೂಲಾಲ್, ಧಾರಾಳವಾಗಿ. "ಕಪ್ಪುಗಟ್ಟಿದ ಬೆಳ್ಳಿ. ನಾಳೆ ಅವಳ ಕ್ರಿಯೆಗಾಗುತ್ತೆ."

ಕೊನೆಗೆ ಉಳಿದದ್ದು ಏಳು ಕಲ್ಲು. ಏಳನ್ನು ಎರಡು ಮಾಡುವುದು ಹೇಗೆ? ಪುತ್ತೂಲಾಲ್ ತಕ್ಕಡಿ ತರಿಸಿದ. ಇತ್ತ ಮೂರು, ಅತ್ತ ನಾಲ್ಕು, ಅತ್ತಿಂದ ತೆಗೆದು ಇತ್ತ ಹಾಕಿ, ತೂಕದ ಕಲ್ಲುಗಳನ್ನೇ ತೂಗಿ ಹಂಚಿದರು! ಆನೆ, ಬೆಕ್ಕು, ಗುಬ್ಬಿ ಒಂದು ತಟ್ಟೆ. ಸೇಠ್, ಚಿಕ್ಕಮ್ಮ, ಪಂಡಿತ, ಅಳಿಯ ಇನ್ನೊಂದು ತಟ್ಟೆ. ಮೊದಲನೆಯದು ಕೂದಲೆಳೆಯಷ್ಟು ಹಗುರವಾಯಿತು. ಅನ್ಯಾಯವಾಗಬಾರದಲ್ಲ, ಅಂಗಳದಲ್ಲಿ ಬಿದ್ದಿದ್ದ ಒಂದು ಹುಣಸೆಕಾಯಿ ಎತ್ತಿ ಅದಕ್ಕೆ ಹಾಕಿದರು. ಮುಳ್ಳು ನೆಟ್ಟಗೆ ನಿಂತಿತು. "ನೋಡಿ, ರಾಮರಾಜ್ಯದ ನ್ಯಾಯ," ಎಂದು ಪುತ್ತೂಲಾಲ್ ಕೈ ಒರೆಸಿಕೊಂಡ. ಶಿವಾಧಾರ ಮೂರು ಕಲ್ಲು ಮತ್ತು ಒಂದು ಹುಣಸೆಕಾಯಿಗೆ ಒಡೆಯನಾದ. ರಾಮಸನೇಹಿಗೆ ನಾಲ್ಕು ಕಲ್ಲು. ಹಿರಿಸೊಸೆಯ ಕೈಯ ತಕ್ಕಡಿಯನ್ನು ಒಡೆದು ಎರಡು ಮಾಡಿದೆವೆಂಬುದು ಆ ಐದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಬಾಗಿಲ ಹಿಂದೆ ಭೌಜಿ ನಕ್ಕಳು. ಒಣ ನಗು.

ಕಾರ್ತಿಕ ಹತ್ತಿರವಾದಂತೆ ಶಮಾಮಾಕ್ಕೆ ಗಿರಾಕಿಗಳ ಕಾಗದ ಬರತೊಡಗಿದವು. ಮೊದಲು ಬಾವಿಯ ಪಕ್ಕದ ಕೋಣೆಗೆ ಬಂದವನು ಶಿವಾಧಾರ. ಆ ಮಾತುಕತೆಯನ್ನು ಭೌಜಿ ಆಮೇಲೆ ನನ್ನೆದುರು ಅವನ ದನಿಯಲ್ಲೇ ಅಣಕಿಸಿ ತೋರಿಸಿದ್ದಳು.

"ಭೌಜಿ, ಹೈದರಾಬಾದಿನ ಹಾಜಿ ಸಾಹೇಬ್ರು ಕೇಳ್ತಿದಾರೆ. ಒಂದ್ಸಲ ತೂಗಿ ಕೊಟ್ಬಿಡಿ."

"ತೂಗ್ತೀನಿ ಲಾಲಾ. ಏಳು ಕಲ್ಲು ತಗೊಂಡ್ ಬಾ."

"ನನ್ ಹತ್ರ ಮೂರಿದೆಯಲ್ಲ."

"ಹೌದೌದು, ಹುಣಸೆಕಾಯಿನೂ ಇದೆ. ಅದನ್ನೂ ತಾ. ಚಟ್ನಿ ಅರೆದು ಕೊಡ್ತೀನಿ, ಹಾಜಿ ಸಾಹೇಬ್ರಿಗೆ ಕಳ್ಸು."

ರಾಮಸನೇಹಿಯೂ ಬಂದ, ಹಿತ್ತಿಲ ಕಡೆಯಿಂದ. ಇಬ್ಬರಿಗೂ ಆಕೆ ಹೇಳಿದ್ದು ಒಂದೇ. ಏಳೂ ಕಲ್ಲು ತನ್ನ ಕೈಗೆ ಬರಬೇಕು, ಗಂಡನ ಪಾಲು ತನ್ನ ಹೆಸರಿಗಾಗಬೇಕು, ಒಂದು ಭಟ್ಟಿ ತನಗೆ ಬಿಡಬೇಕು. ಆಗ ಇಬ್ಬರಿಗೂ ತೂಗಿಕೊಡುವೆ.

"ಹೆಂಗಸು ಭಟ್ಟಿ ಇಟ್ಕೊಂಡು ಏನ್ಮಾಡ್ತೀರ ಭೌಜಿ?" ಎಂದು ರಾಮಸನೇಹಿ ನಕ್ಕಿದ್ದನಂತೆ.

"ಗಂಡಸರು ಕಲ್ಲು ಇಟ್ಕೊಂಡು ಏನ್ ಕಡಿದು ಕಟ್ಟೆ ಹಾಕ್ತಿದೀರೋ, ಅದನ್ನೇ."

ಒಂದು ಹೊತ್ತಿನ ಮಟ್ಟಿಗೆ ಒಬ್ಬರಿಗೊಬ್ಬರು ಕಲ್ಲು ಕೊಟ್ಟುಕೊಳ್ಳಿ ಎಂದು ನಾನೂ ಇಬ್ಬರಿಗೂ ಹೇಳಿ ನೋಡಿದೆ. "ನನ್ ಆನೇನ ಅವನ ಮನೆಗೆ ಕಳಿಸಿದ್ರೆ ಅವನು ತೂಗಿ ತೂಕ ಕದ್ದುಬಿಡ್ತಾನೆ," ಎಂದ ಶಿವಾಧಾರ. "ನನ್ ಅಳಿಯನ್ನ ಅವನ ಹೊಸಲು ದಾಟಿಸಲ್ಲ," ಎಂದ ರಾಮಸನೇಹಿ. ಕೇಳಿದವರು ಇವರಿಬ್ಬರ ನಡುವೆ ಯಾವುದೋ ಮದುವೆಯ ವ್ಯಾಜ್ಯವಿದೆ ಎಂದುಕೊಳ್ಳಬೇಕು. ಶಿವಾಧಾರನಂತೂ ಕಳ್ಳತನದ ಹೆದರಿಕೆಗೆ ಗುಬ್ಬಿಯನ್ನು ಅಂಗಿಯ ಒಳಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಅದು ಗೊತ್ತಾಗಿ ರಾಮಸನೇಹಿ ಅಳಿಯನನ್ನು ಸೊಂಟಕ್ಕೆ ಕಟ್ಟಿಕೊಂಡ.

ಕಡೆಗೆ ಇಬ್ಬರೂ ಬೇರೆಬೇರೆಯಾಗಿ ಬಂದು, ಕಲ್ಲಿಲ್ಲದಿದ್ದರೆ ಬೇಡ, ಲೆಕ್ಕವನ್ನಾದರೂ ಹೇಳಿ ಎಂದರು. ಭೌಜಿ ಹೇಳಿದಳು. ಒಂದಕ್ಷರ ಮುಚ್ಚಿಡಲಿಲ್ಲ. ಎರಡೆರಡು ಸಲ ಹೇಳಿಸಿಕೊಂಡು ಹೋದರು.

ತಮ್ಮಲ್ಲಿ ಇಲ್ಲದ ಕಲ್ಲುಗಳನ್ನು ಇಬ್ಬರೂ ಅಂದಾಜಿನ ಮೇಲೆ ಹುಟ್ಟಿಸಿದರು. ರಾಮಸನೇಹಿ ಚಿಕ್ಕವನಿದ್ದಾಗ ಆನೆಯನ್ನು ಎರಡೂ ಕೈಯಲ್ಲಿ ಎತ್ತಿದ್ದು ನೆನಪು ಮಾಡಿಕೊಂಡ. ಮಗುವಿನ ಕೈಗೆ ಯಾವ ಕಲ್ಲಾದರೂ ಆನೆಯೇ. ಅವನ ಶಮಾಮಾ ಮಳೆನೀರು ಕುಡಿದ ಹಳೆ ಗೋಡೆಯಂತೆ ನಾರಿತು. ಶಿವಾಧಾರನಿಗೆ ಪಂಡಿತನ ತೂಕ ಗೊತ್ತಿರಲಿಲ್ಲ. ಪಂಡಿತ ಅಂದಮೇಲೆ ಹೊಟ್ಟೆ ದೊಡ್ಡದಿರಬೇಕು ಎಂದು ಧಾರಾಳವಾಗಿಯೇ ತಗರ ಸುರಿದ. ಅವನದ್ದು ನೇರವಾಗಿ ಕಾಲುಚೀಲಕ್ಕೆ ಹೋಯಿತು. ಇಬ್ಬರೂ ತಂತಮ್ಮ ಡಬ್ಬಿಗಳ ಮೇಲೆ ಹುಣಸೆಮರದ ಅದೇ ಹಳೇ ಚೀಟಿ ಅಂಟಿಸಿ ಊರೂರಿಗೆ ಕಳಿಸಿಯೂಬಿಟ್ಟರು.

ಡಬ್ಬಿಗಳು ಹೋದಷ್ಟೇ ವೇಗವಾಗಿ ತಿರುಗಿ ಬಂದವು. ಆಗ ಆ ಇಬ್ಬರು ಮಾಡಿದ ಕೆಲಸ ನೋಡಿ. ಪೇಟೆಯ ಒಂದೊಂದು ಅಂಗಡಿಯ ಮುಂದೂ ನಿಂತು, ಭೌಜಿ ಹೊಟ್ಟೆಕಿಚ್ಚಿಗೆ ತಪ್ಪು ಲೆಕ್ಕ ಹೇಳಿದಳು ಎಂದ ಒಬ್ಬ. ಗಂಡನನ್ನು ನುಂಗಿದವಳು ಮನೆಯ ಹೆಸರನ್ನೂ ನುಂಗಿದಳು ಎಂದ ಇನ್ನೊಬ್ಬ. ಅಂಗಳದ ಗೋಡೆ ಎದ್ದ ಮೇಲೆ ಅಣ್ಣತಮ್ಮಂದಿರು ಒಂದೇ ಮಾತಾಡಿದ್ದು ಅದೇ ಮೊದಲು. ಊರೂ ತಲೆದೂಗಿತು. ಆಕೆಗೆ ಪಾಲು ಕೊಡಲಿಲ್ಲ, ಸರಿ, ಊರಿನಲ್ಲಿ ಅದು ನಡೆಯುತ್ತದೆ. ಆದರೆ ತಕ್ಕಡಿ ಹಿಡಿದವರಿಗೆ ತೂಕದಲ್ಲಿ ಮೋಸ ಮಾಡಿದೆ ಅನ್ನುವುದಿದೆಯಲ್ಲ, ಅದಕ್ಕಿಂತ ಕೀಳು ಬೈಗುಳ ಅತ್ತರಿನ ಪೇಟೆಯಲ್ಲಿ ಇಲ್ಲ. ಆಕೆಗಿದ್ದ ಒಂದೇ ಆಸ್ತಿ ಆ ಕೈಯ ಹೆಸರು. ಅದನ್ನೂ ಕಿತ್ತುಕೊಳ್ಳಲು ಹೊರಟಿದ್ದರು. ಅಂದಹಾಗೆ ಶಿವಾಧಾರ ಒಂದೆರಡು ಕಡೆ, "ಮೈಸೂರಿನ ಎಣ್ಣೇಲೂ ಏನೋ ಕಲಬೆರಕೆ ಇರ್ಬೇಕು," ಎಂದೂ ಅಂದಿದ್ದ. ನನ್ನ ನ್ಯಾಯಪ್ರಜ್ಞೆ ಅದುವರೆಗೂ ಎಚ್ಚರವಾಗಿಯೇ ಇತ್ತು. ಇದನ್ನು ಕೇಳಿದ ಮೇಲೆ ಎದ್ದು ನಿಂತುಕೊಂಡಿತು.

ಹೈದರಾಬಾದಿನ ಹಾಜಿ ಬುರ್ಹಾನ್ ಸಾಹೇಬರು ಖುದ್ದು ಬಂದರು. ಅಪ್ಪನ ಕಾಲದಿಂದ ಆ ಮನೆಯ ಶಮಾಮಾ ಕೊಳ್ಳುತ್ತಿದ್ದ ವಯಸ್ಸಾದ ವ್ಯಾಪಾರಿ. ಬೇರೆಲ್ಲೂ ಹೋಗದೆ ನೇರವಾಗಿ ನನ್ನ ಗಾದಿಯ ಮೇಲೆ ಬಂದು ಕೂತು, ಇಬ್ಬರು ಅಣ್ಣತಮ್ಮಂದಿರನ್ನೂ ಕರೆಸಿದರು. ದಿನವೂ ನನ್ನ ಅಂಗಡಿಯ ಚಹಾಕ್ಕೆ ಬರುವ ಪುತ್ತೂಲಾಲ್ ಅವತ್ತು ಸ್ವಲ್ಪ ಮುಂಚೆಯೇ ಬಂದಿದ್ದ.

ಹಾಜಿ ಎರಡು ಹತ್ತಿಯ ಉಂಡೆಗಳನ್ನು ಒಂದಾದ ಮೇಲೊಂದು ಮೂಸಿ ದೂರ ಹಿಡಿದರು. "ಮಿಯಾ, ಇದು ಅತ್ತರೋ ಚಪ್ಪಲಿ ಅಂಗಡಿಯೋ? ಇನ್ನು ಇದನ್ನ ಹಚ್ಕೊಂಡ್ರೆ ಮನುಷ್ಯನಿಗೆ ಸುಣ್ಣ ಹೊಡೆಸ್ಬೇಕಾಗುತ್ತೆ."

"ನಮ್ ತಪ್ಪಲ್ಲ ಹಾಜಿ ಸಾಹೇಬ್," ಎಂದ ರಾಮಸನೇಹಿ. "ಮನೆಯೊಳಗೇ ಹಾವಿದೆ. ಭೌಜಿ ಲೆಕ್ಕ ತಿರುಚಿ ಹೇಳಿದ್ರು."

"ಹಾವು ಬಂದಿದೆ ಲಾಲಾ. ಈಗ ಎದುರಿಗೆ ಹೇಳು."

ಭೌಜಿ ಹೊಸಲಿನ ಮೇಲೆ ನಿಂತಿದ್ದಳು. ಮುಸುಕು ಹಣೆಯಿಂದ ಹಿಂದೆ ಸರಿದಿತ್ತು. ಕಂಕುಳಲ್ಲಿ ಆ ಕೆಂಪು ಗಂಟು. ಹಾಜಿ ಬಂದ ಸುದ್ದಿ ಬಾವಿಕಟ್ಟೆಗೆ ತಲುಪಲು ಎಷ್ಟು ಹೊತ್ತು ಬೇಕು?

"ನಿಂಗೆ ಮೀಸೆ ಬರೋ ಮುಂಚಿಂದ ನನ್ ಕೈತೂಕದ ಅತ್ತರು ಮಾರಿ ಉಂಡಿದೀಯ. ಒಂದ್ಸಲ, ಒಂದೇ ಒಂದ್ಸಲ, ಒಂದು ಗುಬ್ಬಿಯಷ್ಟು ಹೆಚ್ಚುಕಮ್ಮಿ ಆಗಿತ್ತಾ?" ಆಕೆ ಶಿವಾಧಾರನ ಕಡೆ ತಿರುಗಿದಳು. "ಲಾಲಾ, ಜೇಬಲ್ಲಿರೋ ಗುಬ್ಬೀನ ಹೊರಗೆ ಬಿಡು. ಉಸಿರುಗಟ್ಟಿ ಸತ್ತೀತು. ಬಾಬು, ನಿಮ್ ತಕ್ಕಡಿ ಇಡಿ."

ಆಕೆ ಸುಳ್ಳಿಯೆಂದು ಎಲ್ಲರೆದುರು ರುಜುವಾಗುತ್ತದೆಂಬ ಹುರುಪಿನಲ್ಲಿ ಶಿವಾಧಾರ ಗುಬ್ಬಿಯನ್ನು ತೆಗೆದು ತಟ್ಟೆಯ ಮೇಲಿಟ್ಟ. ಭೌಜಿ ಗಂಟು ಬಿಚ್ಚಿ ತನ್ನ ಕಪ್ಪು ಕಾಲುಂಗುರಗಳನ್ನು ಇನ್ನೊಂದು ತಟ್ಟೆಗೆ ಹಾಕಿದಳು. ಮುಳ್ಳು ಒಮ್ಮೆ ತೂಗಾಡಿ ನೆಟ್ಟಗೆ ನಿಂತಿತು. ನನ್ನ ತಕ್ಕಡಿ ಸುಳ್ಳು ಹೇಳುವುದಿಲ್ಲ. ಹೇಳಿದರೂ ನನ್ನ ಪರವಾಗಿ ಹೇಳೀತೇ ಹೊರತು ಬೇರೆಯವರ ಪರವಾಗಿ ಅಲ್ಲ.

"ಈಗ ನೀನು. ಅಳಿಯನ್ನ ಸೊಂಟದಿಂದ ಇಳಿಸು."

ರಾಮಸನೇಹಿಯ ಕಲ್ಲಿಗೆ ಎದುರಾಗಿ ಆಕೆಯ ತೋಳಬಂದಿ. ಮುಳ್ಳು ಮತ್ತೆ ನೆಟ್ಟಗೆ.

ಭೌಜಿ ಒಂದೊಂದನ್ನೇ ಎತ್ತಿ ಗಾದಿಯ ಮೇಲೆ ಇಟ್ಟಳು. "ಡಾಬು ಆನೆ. ಕೊರಳಿನ ಹಂಸುಲಿ ಸೇಠ್. ಎಡಗಡಗ ಚಿಕ್ಕಮ್ಮ, ಬಲಗಡಗ ಪಂಡಿತ. ಅದಕ್ಕೇ ಕುಂಟ್ತಾ ಇದ್ದೆ, ನೀವೆಲ್ಲ ನಗ್ತಾ ಇದ್ರಿ. ಈ ಬಳೆ ಬೆಕ್ಕು. ಅತ್ತೆ ಮದುವೆ ದಿನವೇ ಕಿವೀಲಿ ಹೇಳಿದ್ರು. ಕಲ್ಲು ಗಂಡಸರ ಮನೇದು, ಗಂಗೆಗಾದ್ರೂ ಬಿದ್ದೀತು, ಜಗಳಕ್ಕಾದ್ರೂ ಸಿಕ್ಕೀತು. ಬೆಳ್ಳಿ ನಿನ್ ಮೈದು. ಉಜ್ಜಬೇಡ, ಸವೆಯುತ್ತೆ ಅಂತ."

"ಸುಭಾನಲ್ಲಾ!" ಎಂದರು ಹಾಜಿ. "ಬೆಹನ್, ಇದನ್ನ ಇಟ್ಕೊಂಡೂ ಇಷ್ಟು ದಿನ ಸುಮ್ನೆ ಯಾಕಿದ್ರಿ?"

"ನನ್ ಪಾಲು ಕೊಡ್ತಾರೇನೋ ಅಂತ ಕಾದೆ, ಸಾಹೇಬ್ರೆ. ನನ್ ಮನೆ ಅತ್ತರನ್ನ ನಾನ್ಯಾಕೆ ಕಳ್ಳಿ ಹಾಗೆ ಹಿತ್ತಿಲಲ್ಲಿ ಇಳಿಸ್ಲಿ?"

ನಾಚಿಕೆಯಿದ್ದ ಜನ ಆಗ ಎದ್ದು ಕಾಲಿಗೆ ಬೀಳುತ್ತಿದ್ದರು. ಇವರು ಹುಣಸೆಮರದ ಮನೆಯವರು. ಶಿವಾಧಾರನ ಕಣ್ಣು ಗಾದಿಯ ಮೇಲಿನ ಬೆಳ್ಳಿಯನ್ನು ಒಂದು ಸುತ್ತು ಸುತ್ತಿ ಬಂತು.

"ಹಂಗಾದ್ರೆ ಇದು ಒಡವೆ ಅಲ್ಲ, ಮನೆ ತೂಕ. ಮನೆ ಸೊತ್ತು. ಪಾಲುಪಟ್ಟೀಲಿ ಬಿಟ್ಟುಹೋಗಿದೆ. ಇದನ್ನೂ ಹಂಚ್ಬೇಕು."

"ಹೌದು, ಹಂಚ್ಬೇಕು," ಎಂದ ರಾಮಸನೇಹಿ.

ಪುತ್ತೂಲಾಲ್ ಗಂಟಲು ಸರಿಮಾಡಿಕೊಂಡು ನನ್ನ ತಕ್ಕಡಿಯ ಕಡೆ ಕೈ ಚಾಚಿದ. ನಾನು ತಕ್ಕಡಿಯನ್ನು ಎತ್ತಿ ನನ್ನ ಬೆನ್ನ ಹಿಂದಿಟ್ಟೆ. "ಇದು ಎಣ್ಣೆ ತೂಗೋ ತಕ್ಕಡಿ ಪುತ್ತೂಲಾಲ್ ಚಾಚಾ. ಕೊಳಕು ತೂಗಿದ್ರೆ ಹಾಳಾಗುತ್ತೆ."

ಭೌಜಿಗೆ ನನ್ನ ಸಹಾಯ ಬೇಕಿರಲಿಲ್ಲ. ಆಕೆ ಹೊಸಲಿನ ಮೇಲೆ ಕೂತಳು. ಮೊದಲು ಎಡಗಡಗ ಹಾಕಿಕೊಂಡಳು, ಆಮೇಲೆ ಬಲಗಡಗ. ಡಾಬು ಬಿಗಿದಳು. ಕೊರಳಿಗೆ ಹಂಸುಲಿ, ತೋಳಿಗೆ ತೋಳಬಂದಿ, ಕೈಗೆ ಬಳೆ. ಬೀದಿಯಲ್ಲಿ ಜನ ನಿಂತರು. ಕೊನೆಗೆ, ಗಂಡ ಸತ್ತ ಹೆಂಗಸು, ಹಾಡುಹಗಲು, ತುಂಬಿದ ಪೇಟೆಯಲ್ಲಿ, ಕಾಲಿನ ಬೆರಳಿಗೆ ಕಾಲುಂಗುರ ಏರಿಸಿದಳು.

"ಬಹೂ! ವಿಧವೆ ಕಾಲುಂಗುರ ಹಾಕೋದು ಅಪಚಾರ!" ಪುತ್ತೂಲಾಲ್ ಕಿವಿ ಮುಚ್ಚಿಕೊಂಡ, ಮುಚ್ಚಬೇಕಾದದ್ದು ಕಣ್ಣಾದರೂ.

"ಒಡವೆ ಅಲ್ಲ, ತೂಕ ಅಂತ ನಿಮ್ ಹುಡುಗನೇ ಈಗ ಹೇಳಿದ್ನಲ್ಲ ಚಾಚಾ. ತೂಕಕ್ಕೆ ಗಂಡ ಸಾಯಲ್ಲ." ಆಕೆ ಎದ್ದು ನಿಂತಳು. "ವಿಧವೆ ಪಾಲು ತಿನ್ನೋದು ಅಪಚಾರ ಅಲ್ಲ, ವಿಧವೆ ಕಾಲುಂಗುರ ಹಾಕೋದು ಅಪಚಾರ. ಇದು ಯಾವ ಪೋಥೀಲಿ ಬರ್ದಿದೆ, ನಂಗೂ ತೋರ್ಸಿ." ಆಮೇಲೆ ಮೈದುನರ ಕಡೆ ತಿರುಗಿ ಎರಡೂ ತೋಳು ಚಾಚಿದಳು. "ಬನ್ನಿ ಲಾಲಾ, ಹಂಚ್ಕೊಳ್ಳಿ. ಭೌಜಿ ಮೈಮೇಲಿಂದ ಬಿಚ್ಕೊಂಡು ಹಂಚ್ಕೊಳ್ಳಿ. ಯಾರ ಕೈ ಮುಂದೆ ಬರುತ್ತೋ ಬರ್ಲಿ, ಊರು ನೋಡ್ಲಿ."

ಯಾರ ಕೈಯೂ ಮುಂದೆ ಬರಲಿಲ್ಲ. ಕನೌಜಿನಲ್ಲಿ ಹೆಂಗಸಿನ ಪಾಲನ್ನು ಎಷ್ಟು ಬೇಕಾದರೂ ನುಂಗಬಹುದು. ಆಕೆಯ ಮೈಮೇಲಿನ ಬೆಳ್ಳಿಗೆ ಪೇಟೆಯ ನಡುವೆ ಕೈ ಹಾಕಿದವನ ಮಕ್ಕಳಿಗೆ ಹೆಣ್ಣು ಸಿಕ್ಕುವುದಿಲ್ಲ. ಅಷ್ಟರ ಮಟ್ಟಿಗಿನ ಧರ್ಮ ಅಲ್ಲಿ ಉಳಿದಿತ್ತು.

"ಬೆಹನ್," ಎಂದರು ಹಾಜಿ, ಎದ್ದು ನಿಂತು, "ಈ ಚಳಿಗಾಲದ ನನ್ನ ಶಮಾಮಾ ನಿಮ್ಮದು. ಮುಂದಿಂದೂ."

"ಇಳಿಸಿ ಕೊಡ್ತೀನಿ ಸಾಹೇಬ್ರೆ. ಎಣ್ಣೆ ಮೈಸೂರಿ ಬಾಬು ಕೊಡ್ತಾರೆ," ಎಂದು ನನ್ನನ್ನು ಕೇಳದೆಯೇ ಹೇಳಿ ಭೌಜಿ ಗಲ್ಲಿಗೆ ಇಳಿದಳು. ಝಣ್ ಧಬ್, ಝಣ್ ಧಬ್.

ನದಿಯ ಕಡೆ ಒಂದು ಭಟ್ಟಿಯನ್ನು ಬಾಡಿಗೆಗೆ ಹಿಡಿದು ಆಕೆ ಇಳಿಸಿದ ಶಮಾಮಾ ಆ ಚಳಿಗಾಲದಲ್ಲಿ ಹೈದರಾಬಾದಿಗೆ ಹೋಯಿತು. ಒಂದು ಡಬ್ಬಿಯೂ ತಿರುಗಿ ಬರಲಿಲ್ಲ. ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ಯಾರೂ ತಿಳಿಯಬಾರದು. ಗಂಡನ ಮೂರನೇ ಪಾಲು ಇವತ್ತಿಗೂ ಆಕೆಗೆ ಬಂದಿಲ್ಲ. ಇವತ್ತಿಗೂ ಬಾವಿಯ ಪಕ್ಕದ ಅದೇ ಕೋಣೆ. ಸೇಠ್ ಕಲ್ಲು ರಾಮಸನೇಹಿಯ ಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೆ ಕೂತಿದೆ. ಶಿವಾಧಾರ ದೀಪಾವಳಿಗೆ ಗುಬ್ಬಿಗೆ ಸಿಂಧೂರ ಬಳಿದು ಬಳಿದು, ಅದು ಈಗ ಹೆಚ್ಚುಕಡಿಮೆ ಬೆಕ್ಕಿನಷ್ಟಾಗಿದೆ. ಭೌಜಿ ಎದುರಾದರೆ ಗಲ್ಲಿಯ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದು ಆಕೆಯ ಕಾಲ್ಬೆರಳು ನೋಡುತ್ತಾರೆ. ಕಾಲುಂಗುರ ಎಲ್ಲರ ಕಣ್ಣಿಗೂ ಬಿತ್ತು. ಹೋದ ಪಾಲು ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಪ್ರತಿ ವರ್ಷ ಕಾರ್ತಿಕದಲ್ಲಿ ಒಂದು ದಿನ ಬಾವಿಯ ಪಕ್ಕದ ಕೋಣೆಯ ಬಾಗಿಲು ಹಗಲಿಡೀ ಮುಚ್ಚಿರುತ್ತದೆ. ಅವತ್ತು ಬೆಳ್ಳಿಯೆಲ್ಲ ಮೈಯಿಂದಿಳಿದು ತಕ್ಕಡಿಗೆ ಏರಿರುತ್ತದೆ, ಗಲ್ಲಿಯಲ್ಲಿ ಕಡಗದ ಸದ್ದಿಲ್ಲ. ನಡುವೆ ಒಮ್ಮೆ ನೀರಿಗೆಂದು ಬಾವಿಕಟ್ಟೆಗೆ ಬಂದರೂ ಬರಿಗಾಲಿನಲ್ಲಿ ನೆಟ್ಟಗೆ, ಒಂದಿಷ್ಟೂ ಕುಂಟದೆ ನಡೆಯುತ್ತಾಳೆ. ಗೋಡೆಯ ಆಚೆ ಒಬ್ಬ, ಈಚೆ ಒಬ್ಬ, ಇಬ್ಬರೂ ಅವತ್ತು ಕೆಲಸ ಬಿಟ್ಟು ಕಿವಿಗೊಟ್ಟು ಕೂತಿರುತ್ತಾರೆ. ಭೌಜಿ ಮೊದಲಿನಂತೆಯೇ ಲೆಕ್ಕವನ್ನು ಗಟ್ಟಿಯಾಗಿ ಹೇಳುತ್ತಾಳೆ.